ಮಂಚದ ಮರ ಯಾರದು?

ಕಳೆದ ವರ್ಷ ದೀಪಾವಳಿಗೆ ಮೊದಲು ನಮ್ಮ ಮಗ ಠಾಣೆಯಲ್ಲಿ ಒಂದು ಪುಟ್ಟ ಫ್ಲ್ಯಾಟ್ ಕೊಂಡ. ಹೊಸ ಮನೆ ಎಂದ ಮೇಲೆ ಹೊಸ ಸಾಮಾನು ಬೇಡವೇ? ಒಂದು ಭಾನುವಾರ ಮಗ, ಸೊಸೆ ಇಬ್ಬರೂ ನನ್ನನ್ನು ಕರೆದುಕೊಂಡು ದೊಡ್ಡದೊಂದು ಫರ್ನಿಚರ್ ಅಂಗಡಿಗೆ ಹೋದರು. ಸೋಫಾ ನೋಡಿ, ಊಟದ ಮೇಜು ನೋಡಿ, ಕೊನೆಗೆ ಮಂಚದ ಬಳಿ ನಿಂತೆವು. ಮಂಚದ ತಲೆಭಾಗಕ್ಕೆ ಒಂದು ಹಸಿರು ಚೀಟಿ ತೂಗುಹಾಕಿದ್ದರು. ಅದರ ಮೇಲೆ ಮರದ ಚಿತ್ರವೂ ಸರಿ ಗುರುತೂ ಕೂಡಿದ ಒಂದು ಮುದ್ರೆ.

"ಆಯಿ, ಇಲ್ಲಿ ನೋಡು, ಸರ್ಟಿಫೈಡ್ ವುಡ್! ಕಾಡು ಹಾಳು ಮಾಡದೆ ತಂದ ಮರ. ನಮ್ಮ ಮನೆಯ ಹಳೇ ಮಂಚಕ್ಕೆ ಇಂಥ ಚೀಟಿ ಇದೆಯಾ?" ಎಂದು ಮಗ ನಗುತ್ತಾ ಕೇಳಿದ. (ನಮ್ಮ ಉತ್ತರ ಕನ್ನಡದ ಕಡೆ ತಾಯಿಯನ್ನು ಆಯಿ ಎಂದೇ ಕರೆಯುವುದು. ಇಲ್ಲಿಯವರು ಅವನು ಮರಾಠಿಯಲ್ಲಿ ಕರೆಯುತ್ತಾನೆಂದು ತಿಳಿಯುತ್ತಾರೆ. ತಿಳಿದುಕೊಳ್ಳಲಿ, ನಷ್ಟವೇನಿಲ್ಲ.)

"ಇದು ಯಾವ ಕಾಡಿನ ಮರ?" ಎಂದು ನಾನು ಅಂಗಡಿಯ ಹುಡುಗನನ್ನು ಕೇಳಿದೆ. ಅವನು ಚೀಟಿಯನ್ನು ತಿರುಗಿಸಿ ನೋಡಿ, "ಆಂಟಿ, ಇಂಪೋರ್ಟೆಡ್" ಎಂದ. ಅಷ್ಟೇ. ಮಗನಿಗೆ ಮಂಚ ಹಿಡಿಸಿತು, ಸೊಸೆಗೂ ಹಿಡಿಸಿತು, ಹಣ ಕೊಟ್ಟು ಬಂದರು. ಆದರೆ ಮಗ ತಮಾಷೆಗೆ ಕೇಳಿದ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಆ ರಾತ್ರಿ ನಮ್ಮ ಡೊಂಬಿವಲಿಯ ಮನೆಯಲ್ಲಿ ಅದೇ ಹಳೇ ಮಂಚದ ಮೇಲೆ ಬಹಳ ಹೊತ್ತು ಎಚ್ಚರವಾಗಿದ್ದೆ. ಯುವ ಮಿತ್ರರೇ, ಆ ಮಂಚದ ಕಥೆಯನ್ನು ನಾನು ಈವರೆಗೆ ಮಗನಿಗೂ ಹೇಳಿರಲಿಲ್ಲ. ಇಂದು ನಿಮ್ಮೆಲ್ಲರಿಗೂ ಹೇಳುತ್ತೇನೆ.

ನನ್ನ ತವರು ಯಲ್ಲಾಪುರದ ಹತ್ತಿರದ ಒಂದು ಹಳ್ಳಿ. ಅಡಿಕೆ ತೋಟ, ತೋಟದ ಮೇಲೆ ಸೊಪ್ಪಿನ ಬೆಟ್ಟ, ಅದರಾಚೆ ದಟ್ಟ ಕಾಡು. ಸೊಪ್ಪಿನ ಬೆಟ್ಟ ಎಂದರೆ ತೋಟದ ಗೊಬ್ಬರಕ್ಕೆಂದು ಸೊಪ್ಪು, ದರಕು ತರಲು ತೋಟಿಗರಿಗೆ ಬಿಟ್ಟುಕೊಟ್ಟ ಕಾಡು. ಈ ಸವಲತ್ತು ಬ್ರಿಟಿಷರ ಕಾಲದಿಂದಲೂ ಕಾಗದದಲ್ಲಿ ದಾಖಲಾಗಿ ಬಂದದ್ದು. ಸೊಪ್ಪು ನಮ್ಮದು, ಆದರೆ ಮರ ಸರ್ಕಾರದ್ದು. ಅದರಲ್ಲೂ ಸಾಗವಾನಿ, ಬೀಟೆ, ಗಂಧಗಳನ್ನು ಮುಟ್ಟುವಂತಿರಲಿಲ್ಲ.

1993ರಲ್ಲಿ ನನ್ನ ಮದುವೆ ನಿಶ್ಚಯವಾಯಿತು. ಇಂಗ್ಲಿಷ್ ಮುಖ್ಯ ವಿಷಯವಾಗಿ ಬಿ.ಎ. ಮುಗಿಸಿ ಮನೆಯಲ್ಲಿದ್ದೆ. ಮಗಳು ಮುಂಬೈಗೆ ಹೋಗುತ್ತಾಳೆ, ಅವಳಿಗೊಂದು ಸಾಗವಾನಿ ಮಂಚ ಮಾಡಿಸಿಕೊಡಬೇಕು ಎಂದು ಅಪ್ಪಯ್ಯನಿಗೆ ಆಸೆ. ಪರವಾನಗಿ ಕೇಳಿ ಮರ ತರುವಷ್ಟು ತಾಳ್ಮೆಯೂ ಇರಲಿಲ್ಲ, ಹಣವೂ ಇರಲಿಲ್ಲ. ನಮ್ಮ ತೋಟದ ಕೆಲಸಕ್ಕೆ ಬರುತ್ತಿದ್ದ ಒಬ್ಬ ಸಿದ್ದಿಯರಿಗೆ ಹೇಳಿ, ರಾತ್ರಿ ಹೊತ್ತಿನಲ್ಲಿ ಬೆಟ್ಟದ ತುದಿಯ ಒಂದು ಸಾಗವಾನಿ ಮರ ಕಡಿಸಿದರು. ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಅವರ ಮಕ್ಕಳು ಮೊಮ್ಮಕ್ಕಳು ಇದ್ದಾರೆ. ನನಗಿಂತ ಇಪ್ಪತ್ತು ವರ್ಷ ಹಿರಿಯರು. ಆದರೂ ಮನೆಮಂದಿಯೆಲ್ಲ ಅವರನ್ನು ಏಕವಚನದಲ್ಲೇ ಕರೆಯುತ್ತಿದ್ದೆವು. ಇಲ್ಲಿಯಾದರೂ ಬಹುವಚನದಲ್ಲಿ ಬರೆಯುತ್ತೇನೆ.

ಸಿದ್ದಿಗಳ ವಿಷಯ ನಿಮ್ಮಲ್ಲಿ ಕೆಲವರಿಗೆ ಗೊತ್ತಿರಲಾರದು. ಅವರ ಪೂರ್ವಜರು ಆಫ್ರಿಕದವರು. ಶತಮಾನಗಳ ಹಿಂದೆ ಪೋರ್ಚುಗೀಸರು ಮತ್ತಿತರರು ಗುಲಾಮರನ್ನಾಗಿ ತಂದವರಲ್ಲಿ ಎಷ್ಟೋ ಮಂದಿ ಗೋವೆಯಿಂದ ತಪ್ಪಿಸಿಕೊಂಡು ಬಂದು ಯಲ್ಲಾಪುರ, ಹಳಿಯಾಳ, ಅಂಕೋಲಾ ಸೀಮೆಯ ಕಾಡುಗಳಲ್ಲಿ ನೆಲೆ ನಿಂತರು. ತಲೆತಲಾಂತರದಿಂದ ಆ ಕಾಡೇ ಅವರ ಮನೆ. ಕರ್ನಾಟಕದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ನಾನು ಹೇಳುವ ಕಾಲದಲ್ಲಿ ಅವರಿಗೆ ಕಾಡಿನ ಮೇಲೆ ಸೊಪ್ಪಿನ ಹಕ್ಕಿನ ಕಾಗದವೂ ಇರಲಿಲ್ಲ.

ಮರ ಕಡಿದು, ಕೊಯ್ದು, ಹಲಗೆಗಳನ್ನು ಅಟ್ಟಕ್ಕೆ ಸೇರಿಸಿದ್ದಾಗಿತ್ತು. ಉಳಿದ ಒಂದು ತುಂಡನ್ನು ಹೊತ್ತು ತರುವಾಗ ಅವರು ಗಾರ್ಡಿನ ಕೈಗೆ ಸಿಕ್ಕಿಬಿದ್ದರು. ಯಾರಿಗಾಗಿ ಕಡಿದೆ ಎಂದು ಕೇಳಿದರೆ ಬಾಯಿ ಬಿಡಲಿಲ್ಲ. ಹನ್ನೊಂದು ದಿನ ಒಳಗಿದ್ದರು. ಆಮೇಲೆ ಎರಡು ವರ್ಷ ಕೋರ್ಟಿಗೆ ಓಡಾಡಿದರು. ಅಪ್ಪಯ್ಯ ಅವರ ಮನೆಗೆ ಒಂದು ಚೀಲ ಅಕ್ಕಿ ಕಳಿಸಿದರು. "ನಾನೇ ಹೇಳಿ ಕಡಿಸಿದೆ" ಎಂಬ ಮಾತು ಮಾತ್ರ ಹೇಳಲಿಲ್ಲ. ಬಿ.ಎ. ಓದಿದ ನಾನೂ ಹೇಳಲಿಲ್ಲ. ಮಂಚ ತಯಾರಾಯಿತು, ಬಿಚ್ಚಿ ಕಟ್ಟಿ ಲಾರಿಯಲ್ಲಿ ಹುಬ್ಬಳ್ಳಿ ಮೇಲಿಂದ ಮುಂಬೈಗೆ ಬಂತು. ಹಸಿ ತುಂಡು ಹೊತ್ತವನಿಗೆ ಪಾಸು ಎಲ್ಲಿ ಎಂದು ಕೇಳಿದರು. ಪಾಲಿಶ್ ಹೊಡೆದ ಮಂಚಕ್ಕೆ ಯಾರೂ ಪಾಸು ಕೇಳಲಿಲ್ಲ.

ಅಂಗಡಿಯಿಂದ ಬಂದ ಮೇಲೆ ಆ ಹಸಿರು ಮುದ್ರೆಯ ಬಗ್ಗೆ ತಿಳಿಯಬೇಕೆನಿಸಿತು. ಮಧ್ಯಾಹ್ನದ ಬಿಡುವಿನಲ್ಲಿ ಸಿಕ್ಕಿದ್ದನ್ನೆಲ್ಲ ಓದಿದೆ. ನೀವು ಬರೆಯುವ ನೋಟ್‌ಬುಕ್ಕಿನ ಹಿಂಬದಿಯನ್ನೊಮ್ಮೆ ನೋಡಿ; ಅಲ್ಲಿಯೂ ಆ ಮುದ್ರೆ ಇರಬಹುದು. ಅದು ಫಾರೆಸ್ಟ್ ಸ್ಟೀವರ್ಡ್‌ಶಿಪ್ ಕೌನ್ಸಿಲ್ ಎಂಬ ಸಂಸ್ಥೆಯದು, ಚಿಕ್ಕದಾಗಿ ಎಫ್.ಎಸ್.ಸಿ. 1992ರಲ್ಲಿ ರಿಯೊ ನಗರದಲ್ಲಿ ಭೂಶೃಂಗ ಸಭೆ ನಡೆದಾಗ ಕಾಡಿನ ರಕ್ಷಣೆಗೆ ಬಿಗಿಯಾದ ಒಪ್ಪಂದವೊಂದು ಬರಬಹುದೆಂದು ಜನ ಕಾದಿದ್ದರು. ಅದು ಬರಲಿಲ್ಲ. ಸರ್ಕಾರಗಳು ಮಾಡದಿದ್ದರೆ ಕೊಳ್ಳುವವರ ಮೂಲಕವಾದರೂ ಮಾಡಿಸೋಣ ಎಂದು ಪರಿಸರದವರು, ಮರದ ವ್ಯಾಪಾರಿಗಳು, ಆದಿವಾಸಿಗಳ ಪ್ರತಿನಿಧಿಗಳು ಸೇರಿ 1993ರಲ್ಲಿ ಕೆನಡಾದ ಟೊರಾಂಟೊದಲ್ಲಿ ಈ ಸಂಸ್ಥೆಯನ್ನು ಕಟ್ಟಿದರು. ನನ್ನ ಮಂಚ ಮುಂಬೈಗೆ ಬಂದ ವರ್ಷವೂ ಅದೇ!

ಇದರ ಕೆಲಸ ಹೀಗೆ: ಕಾಡನ್ನು ಹೇಗೆ ನೋಡಿಕೊಳ್ಳಬೇಕು ಎಂಬುದಕ್ಕೆ ಹತ್ತು ತತ್ತ್ವಗಳನ್ನು ಹಾಕಿಕೊಂಡಿದ್ದಾರೆ. ಸಂಸ್ಥೆಗೆ ಸೇರದ, ಸ್ವತಂತ್ರವಾದ ಪರೀಕ್ಷಕರು ಕಾಡಿಗೆ ಬಂದು ನೋಡುತ್ತಾರೆ. ಸರಿಯಿದ್ದರೆ ಐದು ವರ್ಷಕ್ಕೆ ಪ್ರಮಾಣಪತ್ರ, ಅದರ ಮೇಲೆ ಪ್ರತಿವರ್ಷ ತಪಾಸಣೆ. ಮರ ಕಾಡಿನಿಂದ ಗರಗಸದ ಮಿಲ್ಲಿಗೆ, ಅಲ್ಲಿಂದ ಕಾರ್ಖಾನೆಗೆ, ಅಂಗಡಿಗೆ ಹೀಗೆ ಕೈ ಬದಲಾಗುವಲ್ಲೆಲ್ಲ ಲೆಕ್ಕಪತ್ರ ಇರಬೇಕು. ಹತ್ತು ತತ್ತ್ವಗಳಲ್ಲಿ ಮೂರನೆಯದು ಮೂಲನಿವಾಸಿಗಳ ಹಕ್ಕಿನದು. ಅವರ ನೆಲದ ಮೇಲೆ ಏನೇ ಮಾಡುವುದಿದ್ದರೂ ಮೊದಲು ವಿಷಯ ತಿಳಿಸಿ, ಒತ್ತಾಯವಿಲ್ಲದೆ, ಅವರ ಒಪ್ಪಿಗೆ ಪಡೆಯಬೇಕು ಎಂಬುದು ಅದರ ತಿರುಳು. ಓದಿದಾಗ ಸಂತೋಷವಾಯಿತು. ಆದರೆ ಕಾಗದದ ಮೇಲಿನ ಮಾತು ಕಾಡಿನಲ್ಲಿ ಹೇಗೆ ನಡೆಯುತ್ತದೆ? ಅದನ್ನು ಹುಡುಕುತ್ತಾ ಹೋದಾಗ ಮೆಕ್ಸಿಕೊದ ಒಂದು ಬೆಟ್ಟಸಾಲಿನ ಕಥೆ ಸಿಕ್ಕಿತು.

ಮೆಕ್ಸಿಕೊದ ದಕ್ಷಿಣದಲ್ಲಿ ಒವಾಹಾಕ ಎಂಬ ರಾಜ್ಯವಿದೆ. ಎಫ್.ಎಸ್.ಸಿ.ಯ ಮೊದಲ ಕೇಂದ್ರ ಕಚೇರಿ ಇದ್ದದ್ದೂ ಅಲ್ಲೇ. 2003ರಲ್ಲಿ ಅದು ಜರ್ಮನಿಯ ಬಾನ್ ನಗರಕ್ಕೆ ಹೋಯಿತು. ಆ ರಾಜ್ಯದ ಉತ್ತರದ ಬೆಟ್ಟಗಳಲ್ಲಿ ಜಾಪೊಟೆಕ್, ಚಿನಾಂಟೆಕ್ ಮುಂತಾದ ಮೂಲನಿವಾಸಿಗಳು ಇದ್ದಾರೆ. ಪೈನ್ ಮತ್ತು ಓಕ್ ಮರಗಳ ಕಾಡು. ಮೆಕ್ಸಿಕೊದ ಕ್ರಾಂತಿಯ ನಂತರ 1917ರಲ್ಲಿ ಬಂದ ಸಂವಿಧಾನ ಊರೊಟ್ಟಿನ ಭೂಮಿಯನ್ನು ಮಾನ್ಯ ಮಾಡಿತು. ಆ ದೇಶದ ಕಾಡಿನಲ್ಲಿ ಅರ್ಧಕ್ಕಿಂತ ಹೆಚ್ಚು ಇಂದು ಇಂಥ ಊರುಗಳ ಒಡೆತನದಲ್ಲಿದೆ. ನಮ್ಮ ದೇಶದಲ್ಲಿ ಇದನ್ನು ಊಹಿಸಲೂ ಕಷ್ಟ.

ಹಾಗೆಂದು ಅವರ ಹಾದಿ ಸುಗಮವಾಗಿತ್ತೆಂದು ತಿಳಿಯಬೇಡಿ. 1956ರಲ್ಲಿ ಸರ್ಕಾರ ಆ ಕಾಡುಗಳ ಮರ ಕಡಿಯುವ ಹಕ್ಕನ್ನು 25 ವರ್ಷಗಳಿಗೆ ಒಂದು ಕಾಗದದ ಕಾರ್ಖಾನೆಗೆ ಕೊಟ್ಟುಬಿಟ್ಟಿತು. ನೆಲ ಊರಿನದು, ಮರ ಕಾರ್ಖಾನೆಯದು! ಊರಿನವರು ಬೇರೆ ಯಾರಿಗೂ ಮಾರುವಂತಿಲ್ಲ. ಗೊತ್ತುಮಾಡಿದ ಅಲ್ಪ ದರ ತೆಗೆದುಕೊಂಡು, ತಮ್ಮದೇ ಕಾಡಿನಲ್ಲಿ ಕೂಲಿ ಮಾಡಬೇಕು. ಒಳ್ಳೊಳ್ಳೆಯ ಪೈನ್ ಮರಗಳು ಹೋಗಿ, ಕುಳ್ಳು ಡೊಂಕು ಮರಗಳು ಉಳಿದವು. 1960ರ ದಶಕದ ಕೊನೆಯಲ್ಲಿ ಹಲವು ಊರುಗಳು ಸೇರಿ ಕಾರ್ಖಾನೆಗೆ ಮರ ಕೊಡುವುದನ್ನೇ ವರ್ಷಗಟ್ಟಲೆ ನಿಲ್ಲಿಸಿದವು. ಗುತ್ತಿಗೆ ಮುಗಿದು ಅದನ್ನು ಮತ್ತೆ ಮುಂದುವರಿಸುವ ಪ್ರಯತ್ನ ನಡೆದಾಗ, 1980ರ ದಶಕದ ಆರಂಭದಲ್ಲಿ, ಊರುಗಳು ಒಟ್ಟಾಗಿ ನ್ಯಾಯಾಲಯದವರೆಗೆ ಹೋಗಿ ತಡೆದವು. 1986ರ ಕಾನೂನು ಊರುಗಳೇ ತಮ್ಮ ಕಾಡನ್ನು ನಡೆಸಲು ದಾರಿ ಮಾಡಿಕೊಟ್ಟಿತು.

ಆಮೇಲೆ ಅವರು ಮಾಡಿದ ಕೆಲಸ ನೋಡಿ. ನಾಲ್ಕು ಊರುಗಳು, ಮೂರು ಜಾಪೊಟೆಕ್, ಒಂದು ಚಿನಾಂಟೆಕ್, ಸೇರಿ ಉಸಾಚಿ ಎಂಬ ಒಕ್ಕೂಟ ಕಟ್ಟಿಕೊಂಡವು. ಎಷ್ಟು ಮರ ಕಡಿಯಬೇಕು, ಎಲ್ಲಿ ಮುಟ್ಟಬಾರದು, ಯಾವ ಇಳಿಜಾರು ನೀರಿಗಾಗಿ ಬಿಡಬೇಕು ಎಂಬುದನ್ನು ಊರಸಭೆಯಲ್ಲಿ ಕೂತು ತೀರ್ಮಾನಿಸಿದರು. ಊರಿನ ಹುಡುಗರೇ ಅಳತೆ, ಎಣಿಕೆ ಕಲಿತರು. ತೆಕಿಯೊ ಎಂಬ ಪದ್ಧತಿ ಅಲ್ಲಿದೆ. ಪ್ರತಿಯೊಬ್ಬರೂ ವರ್ಷದಲ್ಲಿ ಇಷ್ಟು ದಿನ ಊರಿಗಾಗಿ ಸಂಬಳವಿಲ್ಲದೆ ದುಡಿಯಬೇಕು. ನಮ್ಮ ಹಳ್ಳಿಗಳ ಮುಯ್ಯಾಳಿನ ಹಾಗೆ, ಆದರೆ ಇದು ಮನೆಗಲ್ಲ, ಊರಿಗೆ. ಬೆಂಕಿ ಗೆರೆ ಸವರುವುದು, ಸಸಿ ನೆಡುವುದು ಇಂಥ ಕೆಲಸಗಳಿಗೆಲ್ಲ ಇದೇ ಬಲ. 1996ರಲ್ಲಿ ಉಸಾಚಿಯ ಕಾಡುಗಳಿಗೆ ಎಫ್.ಎಸ್.ಸಿ. ಪ್ರಮಾಣಪತ್ರ ಬಂತು. ಮೆಕ್ಸಿಕೊದಲ್ಲಿ ಆ ಮುದ್ರೆ ಪಡೆದ ಮೊದಲ ಊರುಗಾಡುಗಳಲ್ಲಿ ಅವೂ ಸೇರಿವೆ. ಅದೇ ಬೆಟ್ಟಸಾಲಿನ ಇಶ್ತ್ಲಾನ್ ಎಂಬ ಜಾಪೊಟೆಕ್ ಊರು ಗರಗಸದ ಮಿಲ್ಲು, ಪೀಠೋಪಕರಣದ ಕಾರ್ಖಾನೆ ಎಲ್ಲವನ್ನೂ ತಾನೇ ಕಟ್ಟಿಕೊಂಡಿತು. ಕೂಲಿ ಮಾಡುತ್ತಿದ್ದವರ ಮಕ್ಕಳು ಮಾಲೀಕರಾದರು.

ಇಲ್ಲಿಗೇ ನಿಲ್ಲಿಸಿದರೆ ಕಥೆ ಸುಖಾಂತ. ಆದರೆ ನಿಜವಾದ ತೊಡಕು ಮುದ್ರೆ ಬಂದ ಮೇಲೆ ಶುರುವಾಯಿತು.

ಮೊದಲನೆಯದು ಖರ್ಚು. ಪರೀಕ್ಷಕರ ಶುಲ್ಕ, ಪ್ರಯಾಣ, ಊಟ, ವಸತಿ ಎಲ್ಲ ಪರೀಕ್ಷೆಗೆ ಒಳಗಾಗುವವರದೇ. ಲಕ್ಷಾಂತರ ಹೆಕ್ಟೇರ್ ಇರುವ ಕಂಪನಿಗೆ ಅದು ಕೈಚೆಲ್ಲುವ ಹಣ; ಒಂದು ಊರಿಗೆ ಶಾಲೆಯ ಮಾಡಿನ ಹಣ. ಮೊದಮೊದಲು ದಾನಿ ಸಂಸ್ಥೆಗಳು ಕೊಟ್ಟವು. ಆದರೆ ಪ್ರತಿವರ್ಷದ ತಪಾಸಣೆಗೆ ಯಾರು ಕೊಡಬೇಕು? ನಂತರ ಸಣ್ಣ ಕಾಡುಗಳಿಗೆ ಸರಳ ನಿಯಮಗಳು ಬಂದವು, ಹಲವರು ಸೇರಿ ಒಂದೇ ಪ್ರಮಾಣಪತ್ರ ಪಡೆಯುವ ವ್ಯವಸ್ಥೆಯೂ ಬಂತು. ಹೊರೆ ತಗ್ಗಿತು, ಇಳಿಯಲಿಲ್ಲ.

ಎರಡನೆಯದು ಬೆಲೆ. ಮುದ್ರೆಯಿದ್ದರೆ ಕೊಳ್ಳುವವರು ಹೆಚ್ಚು ಕೊಡುತ್ತಾರೆ ಎಂಬ ಆಸೆಯಿಂದಲೇ ಎಷ್ಟೋ ಊರುಗಳು ಈ ದಾರಿ ಹಿಡಿದದ್ದು. ಆದರೆ ಊರಿನ ಮರ ಹೋಗುವುದು ಹೆಚ್ಚಾಗಿ ಹತ್ತಿರದ ಪೇಟೆಗೆ. ಅಲ್ಲಿನ ಬಡಗಿ ಮುದ್ರೆ ಕೇಳುವುದಿಲ್ಲ, ದರ ಕೇಳುತ್ತಾನೆ. ಹೊರದೇಶದ ನೆಡುತೋಪುಗಳಿಂದ ಬರುವ ಅಗ್ಗದ ಮರದೊಡನೆ ಪೈಪೋಟಿ ಬೇರೆ. ಇಶ್ತ್ಲಾನಿನಂಥ ಊರುಗಳ ಮೇಜು ಕುರ್ಚಿಗಳನ್ನು ರಾಜ್ಯ ಸರ್ಕಾರ ಶಾಲೆಗಳಿಗಾಗಿ ಕೊಂಡಾಗ ಅವರಿಗೆ ಆಸರೆಯಾಯಿತು. ಅಂದರೆ ಮುದ್ರೆಗಿಂತ ಹೆಚ್ಚಾಗಿ, ಕೊಳ್ಳುತ್ತೇನೆ ಎಂದು ಮುಂದೆ ಬಂದ ಒಬ್ಬ ಗಿರಾಕಿ ಉಪಕಾರ ಮಾಡಿದ.

ಮೂರನೆಯದು ಬರವಣಿಗೆ. ಯಾವ ಮರ ಯಾವಾಗ ಬೀಜ ಬಿಡುತ್ತದೆ, ಯಾವ ಜಾಗ ದೇವರದು ಎಂದು ಆ ಊರಿನ ಅಜ್ಜನಿಗೆ ಗೊತ್ತು. ಪರೀಕ್ಷಕರಿಗೆ ಅದು ನಕ್ಷೆಯಲ್ಲಿ, ಫೈಲಿನಲ್ಲಿ ಬೇಕು. ಬಾಯಲ್ಲಿದ್ದ ಜ್ಞಾನಕ್ಕೆ ಕಾಗದದ ಬೆಲೆ ಸಿಗಬೇಕಾದರೆ ಮಧ್ಯೆ ಓದಿದವನೊಬ್ಬ ಬೇಕು. ಊರಸಭೆಯ ಪದಾಧಿಕಾರಿಗಳು ಮೂರು ವರ್ಷಕ್ಕೊಮ್ಮೆ ಬದಲಾಗುತ್ತಾರೆ. ಲೆಕ್ಕ ಕಲಿತವರು ಇಳಿದು ಹೊಸಬರು ಮತ್ತೆ ಅ ಆ ಇ ಈ ಇಂದ ಶುರುಮಾಡುತ್ತಾರೆ. ಹೆಂಗಸರ ವಿಷಯವನ್ನೂ ಹೇಳಬೇಕು. ಊರೊಟ್ಟಿನ ಹಕ್ಕು ಬಹುಮಟ್ಟಿಗೆ ಮನೆಯ ಗಂಡಸಿನ ಹೆಸರಿನಲ್ಲಿ. ಇನ್ನು ಹರೆಯದವರು? ಅವರು ಕೆಲಸ ಹುಡುಕಿಕೊಂಡು ಗಡಿ ದಾಟಿ ಅಮೆರಿಕಕ್ಕೆ ಹೋಗುತ್ತಿದ್ದಾರೆ. ಊರಿಗಾಗಿ ದುಡಿಯಬೇಕಾದ ದಿನಗಳಲ್ಲಿ ದುಡಿಯುವ ಕೈಗಳೇ ಇಲ್ಲ. ಹಳ್ಳಿ ಬಿಟ್ಟು ಮುಂಬೈ ಸೇರಿದ ನಾನು ಈ ಸಾಲನ್ನು ಓದುವಾಗ ಸ್ವಲ್ಪ ಹೊತ್ತು ಪುಸ್ತಕ ಮುಚ್ಚಿಟ್ಟೆ.

ಇಷ್ಟೆಲ್ಲ ತೊಡಕಿದ್ದರೂ ಆ ಬೆಟ್ಟಗಳಲ್ಲಿ ಕಾಡು ಉಳಿದಿದೆ. ಉಳಿದದ್ದು ಮುದ್ರೆಯಿಂದಲೇ? ಅಲ್ಲ. ಮುದ್ರೆ ಬರುವ ಎಷ್ಟೋ ಮೊದಲೇ ಕಾಡು ನಮ್ಮದು ಎಂದು ಅವರು ಗಟ್ಟಿಯಾಗಿ ಹೇಳಿ ಅದನ್ನು ಕೈಗೆ ತೆಗೆದುಕೊಂಡಿದ್ದರು. ಹಕ್ಕು ಮೊದಲು ಬಂತು, ಮುದ್ರೆ ಆಮೇಲೆ. ನನಗೆ ತಿಳಿದ ಮಟ್ಟಿಗೆ ಈ ವಿಷಯದ ಸಾರವೆಲ್ಲ ಈ ಎರಡು ಮಾತುಗಳಲ್ಲಿದೆ.

ಮೆಕ್ಸಿಕೊದ ಮಾತು ನಮಗೇಕೆ ಎನ್ನುವಿರೇನೋ. ನಾವಿರುವ ಮಹಾರಾಷ್ಟ್ರದಲ್ಲೇ ಅಂಥದೇ ಒಂದು ಊರಿದೆ. ಗಡಚಿರೋಲಿ ಜಿಲ್ಲೆಯ ಧಾನೋರಾ ತಾಲ್ಲೂಕಿನ ಮೆಂಢಾ ಲೇಖಾ. ಗೋಂಡ ಆದಿವಾಸಿಗಳ ಸುಮಾರು ಐನೂರು ಜನರ ಹಳ್ಳಿ, ಸುತ್ತ ಸುಮಾರು 1,800 ಹೆಕ್ಟೇರ್ ಕಾಡು. ಅಲ್ಲಿಯೂ ಕಾಡಿನ ಬಿದಿರು ಗುತ್ತಿಗೆಯಾಗಿ ಹೋಗುತ್ತಿದ್ದದ್ದು ಒಂದು ಕಾಗದದ ಕಾರ್ಖಾನೆಗೆ! "ದೆಹಲಿ ಮುಂಬೈಯಲ್ಲಿ ನಮ್ಮ ಸರ್ಕಾರ, ನಮ್ಮೂರಲ್ಲಿ ನಾವೇ ಸರ್ಕಾರ" ಎಂಬುದು ಆ ಊರಿನ ಘೋಷಣೆ. ಅಲ್ಲಿ ಬಹುಮತದಿಂದ ಏನೂ ತೀರ್ಮಾನವಾಗುವುದಿಲ್ಲ. ಗಂಡಸರು ಹೆಂಗಸರು ಎಲ್ಲರೂ ಕೂತು, ಎಲ್ಲರೂ ಒಪ್ಪುವವರೆಗೆ ಮಾತಾಡುತ್ತಾರೆ.

ನಮ್ಮ ಸಂಸತ್ತು 2006ರಲ್ಲಿ ಅರಣ್ಯ ಹಕ್ಕು ಕಾಯ್ದೆ ಮಾಡಿತು. ಅದರಂತೆ 2009ರಲ್ಲಿ ಮೆಂಢಾ ಲೇಖಾಕ್ಕೆ ಊರೊಟ್ಟಿನ ಅರಣ್ಯ ಹಕ್ಕು ಸಿಕ್ಕಿತು. ಕಾಯ್ದೆಯಲ್ಲಿ ಬಿದಿರು ಕಿರು ಅರಣ್ಯ ಉತ್ಪನ್ನ, ಊರಿನವರು ಮಾರಬಹುದು. ಆದರೆ 1927ರ ಹಳೆಯ ಅರಣ್ಯ ಕಾಯ್ದೆಯಲ್ಲಿ 2017ರವರೆಗೂ ಬಿದಿರು ಮರವಾಗಿತ್ತು! ಸಸ್ಯಶಾಸ್ತ್ರ ಓದುವ ಮಕ್ಕಳು ಬಿದಿರು ಹುಲ್ಲಿನ ಜಾತಿ ಎಂದು ಹೇಳುತ್ತಾರೆ. ಕಾನೂನಿಗೆ ಅದು ಗೊತ್ತಿರಬೇಕಿರಲಿಲ್ಲವೇ? ಮರವೆಂದ ಮೇಲೆ ಸಾಗಿಸಲು ಪಾಸು ಬೇಕಿತ್ತು, ಪಾಸು ಕೊಡುವವರು ಕೊಡುತ್ತಿರಲಿಲ್ಲ. ಹಕ್ಕಿತ್ತು, ಆದರೆ ಬಿದಿರು ಊರಿನ ಗಡಿ ದಾಟುವಂತಿರಲಿಲ್ಲ. ಕೊನೆಗೆ 2011ರ ಏಪ್ರಿಲ್ 27ರಂದು ಅಂದಿನ ಕೇಂದ್ರ ಪರಿಸರ ಸಚಿವ ಜೈರಾಂ ರಮೇಶ್ ಅವರು ಮುಖ್ಯಮಂತ್ರಿ ಪೃಥ್ವಿರಾಜ್ ಚವಾಣ್ ಅವರೊಡನೆ ಆ ಊರಿಗೇ ಬಂದು ಪಾಸಿನ ಪುಸ್ತಕವನ್ನು ಗ್ರಾಮಸಭೆಯ ಕೈಗೆ ಕೊಟ್ಟರು. ಆಮೇಲೆ ಊರಿನವರೇ ಟೆಂಡರ್ ಕರೆದು ಬಿದಿರು ಮಾರಿದರು, ಲಕ್ಷಗಟ್ಟಲೆ ಹಣ ಗ್ರಾಮಸಭೆಯ ಖಾತೆಗೆ ಬಂತು. ಆ ಸುದ್ದಿಯನ್ನು ಅಂದು ಮರಾಠಿ ಪತ್ರಿಕೆಯಲ್ಲಿ ಓದಿದ ನೆನಪು ನನಗಿದೆ. ಪಾಸಿನ ಪುಸ್ತಕ ಎಂಬ ಮಾತು ಕಣ್ಣಿಗೆ ಬಿದ್ದಾಗ ಯಲ್ಲಾಪುರದ ಆ ಕಾಲುದಾರಿ ನೆನಪಾಗಿತ್ತು.

ಕನ್ನಡ ನಾಡಿನಲ್ಲೂ ಇಂಥ ಉದಾಹರಣೆ ಉಂಟು. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ, ಅವರ ಕಾಡು ಹುಲಿ ಸಂರಕ್ಷಿತ ಪ್ರದೇಶವಾದ ವರ್ಷವೇ, ಅಂದರೆ 2011ರಲ್ಲಿ, ಊರೊಟ್ಟಿನ ಅರಣ್ಯ ಹಕ್ಕು ಸಿಕ್ಕಿತು. ಹುಲಿ ಸಂರಕ್ಷಿತ ಕಾಡಿನ ಒಳಗೆ ಇಂಥ ಹಕ್ಕು ಸಿಕ್ಕಿದ್ದು ದೇಶದಲ್ಲೇ ಮೊದಲು. ಜೇನು, ನೆಲ್ಲಿಕಾಯಿ, ಪಾಚಿ ಸಂಗ್ರಹಿಸಿ ಬದುಕುವ ಜನ ಅವರು. ಹಿಂದೆ ಬೇಸಿಗೆಯ ಆರಂಭದಲ್ಲಿ ತರಗಿಗೆ ಸಣ್ಣ ಬೆಂಕಿ ಕೊಡುತ್ತಿದ್ದೆವು, ಅದನ್ನು ನಿಲ್ಲಿಸಿದ ಮೇಲೆ ಲಂಟಾನ ಕಾಡನ್ನೇ ನುಂಗುತ್ತಿದೆ ಎನ್ನುತ್ತಾರೆ ಸೋಲಿಗರು. ಇಂಥ ತಿಳಿವಳಿಕೆಗೆ ಯಾವ ಮುದ್ರೆ ಒತ್ತುವುದು?

ಒಂದು ವಿಷಯವನ್ನು ಮಾತ್ರ ಗಮನಿಸಬೇಕು. ನಮ್ಮ ಕಾಯ್ದೆ ಆದಿವಾಸಿಗಳಿಗೆ ಬಿದಿರು, ಜೇನು, ಎಲೆ, ಬೀಜ, ಮೇಣ ಎಲ್ಲವನ್ನೂ ಕೊಟ್ಟಿದೆ. ನಾಟಾ, ಅಂದರೆ ಮರದ ದಿಮ್ಮಿಯನ್ನು ಕೊಟ್ಟಿಲ್ಲ. ಅದು ಇಂದಿಗೂ ಸರ್ಕಾರದ್ದೇ. ಆದ್ದರಿಂದ ಮೆಕ್ಸಿಕೊದ ಊರುಗಳ ಹಾಗೆ ನಮ್ಮ ಆದಿವಾಸಿ ಊರೊಂದು ತನ್ನ ಕಾಡಿನ ಸಾಗವಾನಿಗೆ ಮುದ್ರೆ ಹಾಕಿಸಿ ನಮಗೆ ಮಂಚ ಮಾರುವುದು ಸದ್ಯಕ್ಕೆ ಆಗದ ಮಾತು. 2023ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ನಮ್ಮ ದೇಶದ್ದೇ ಆದ ಕಾಡು ಮತ್ತು ಮರದ ಪ್ರಮಾಣಪತ್ರದ ಯೋಜನೆಯನ್ನು ಪ್ರಕಟಿಸಿತು. ಒಳ್ಳೆಯದೇ. ಆದರೆ ಮುದ್ರೆ ಒತ್ತಿದ ಮರದ ಹಿಂದೆ ಕಾಡಿನ ಜನ ಕೂಲಿಗಳಾಗಿ ನಿಲ್ಲುತ್ತಾರೋ, ಒಡೆಯರಾಗಿ ನಿಲ್ಲುತ್ತಾರೋ ಎಂಬ ಪ್ರಶ್ನೆಗೆ ಉತ್ತರ ಮುದ್ರೆಯಲ್ಲಿಲ್ಲ, ಕಾನೂನಿನಲ್ಲಿದೆ.

ಇಷ್ಟು ಓದಿದ ಮೇಲೆ ಸುಮ್ಮನಿರಲಾಗಲಿಲ್ಲ. ಈ ಮೇ ತಿಂಗಳಲ್ಲಿ ತವರಿಗೆ ಹೋದಾಗ ಮಗನನ್ನೂ ಕರೆದುಕೊಂಡು ಆ ಸಿದ್ದಿಯರ ಮನೆ ಹುಡುಕಿಕೊಂಡು ಹೋದೆ. ದಾರಿಯಲ್ಲಿ ಅವನಿಗೆ ಎಲ್ಲವನ್ನೂ ಹೇಳಿದೆ. ಅವನು ಏನೂ ಮಾತಾಡಲಿಲ್ಲ. ಅವರು ತೀರಿಕೊಂಡು ಒಂಬತ್ತು ವರ್ಷವಾಯಿತಂತೆ. ಮೊಮ್ಮಗ ಇದ್ದ, ಇಪ್ಪತ್ತೈದರ ಹುಡುಗ, ಪಿಯುಸಿ ಓದಿದ್ದಾನೆ. ಚಾಪೆ ಹಾಸಿ ಕೂರಿಸಿದ, ಬೆಲ್ಲದ ಚಹಾ ಕೊಟ್ಟರು. ಒಳಗಿನಿಂದ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟ ಕಾಗದಗಳನ್ನು ತಂದು ತೋರಿಸಿದ. ಅವರು ಸಾಗುವಳಿ ಮಾಡುವ ಕಾಡಂಚಿನ ಜಮೀನಿನ ಅರಣ್ಯ ಹಕ್ಕಿನ ಅರ್ಜಿ. ಒಮ್ಮೆ ತಿರಸ್ಕೃತವಾಗಿ, ಮೇಲ್ಮನವಿ ಹಾಕಿದ್ದಾರೆ. ನಮ್ಮ ಜಿಲ್ಲೆಯಲ್ಲಿ ಹೀಗೆ ತಿರಸ್ಕೃತವಾದ ಅರ್ಜಿಗಳು ಸಾವಿರಾರು.

ನಾನು ಹೇಗೋ ಧೈರ್ಯ ಮಾಡಿ ಹೇಳಿದೆ: "ನಿಮ್ಮ ಅಜ್ಜ ಜೈಲಿಗೆ ಹೋದದ್ದು ನಮ್ಮ ಅಪ್ಪಯ್ಯನಿಗಾಗಿ. ಆ ಮರದ ಮಂಚ ಈಗಲೂ ನನ್ನ ಮನೆಯಲ್ಲಿದೆ. ನಮ್ಮವರು ಆಗ ಬಾಯಿ ಬಿಡಬೇಕಿತ್ತು. ನಾನೂ ಬಿಡಲಿಲ್ಲ. ತಪ್ಪಾಯಿತು."

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಅಜ್ಜ ಹೇಳ್ತಿದ್ದ ಅಕ್ಕಾ, ಹೆಗಡೇರ ಮಗಳ ಮಂಚ ಅಂತ. ಗಟ್ಟಿ ಇದ್ಯಾ ಇನ್ನೂ?" ಎಂದ.

"ಗಟ್ಟಿ ಇದೆ" ಎಂದೆ. ಬೇರೆ ಮಾತು ಹೊರಡಲಿಲ್ಲ.

ಮಗ ಆ ಕಾಗದಗಳ ಫೋಟೋ ತೆಗೆದುಕೊಂಡ. ಅವನ ಕಾಲೇಜಿನ ಗೆಳತಿಯೊಬ್ಬಳು ವಕೀಲೆ. ಮೇಲ್ಮನವಿಗೆ ಇನ್ನೇನು ದಾಖಲೆ ಬೇಕೆಂದು ಅವಳನ್ನು ಕೇಳಿ ತಿಳಿಸಿದ್ದಾನೆ. ಈಗ ತಿಂಗಳಿಗೊಮ್ಮೆಯಾದರೂ ಅವರಿಬ್ಬರೂ ಫೋನಿನಲ್ಲಿ ಮಾತಾಡುತ್ತಾರೆ. ಕೆಲಸ ಆದೀತೋ ಇಲ್ಲವೋ ಹೇಳಲಾರೆ. ಮೂವತ್ತೆರಡು ವರ್ಷದ ಸಾಲ ಒಂದು ಫೋಟೋದಿಂದ ತೀರುವುದಿಲ್ಲ.

ಪ್ರಿಯ ಯುವ ಮಿತ್ರರೇ, ಈ ಊರಿನಲ್ಲೇ ಹುಟ್ಟಿ ಬೆಳೆದ ನಿಮಗೆ ಕಾಡು ಎಂದರೆ ರಜೆಯಲ್ಲಿ ಅಜ್ಜನ ಮನೆಗೆ ಹೋದಾಗ ಬಸ್ಸಿನ ಕಿಟಕಿಯಲ್ಲಿ ಕಾಣುವ ಹಸಿರು. ತಪ್ಪೇನಿಲ್ಲ. ಆದರೆ ನಾಳೆ ನೀವೂ ಮನೆ ಮಾಡುತ್ತೀರಿ, ಮಂಚ ಮೇಜು ಕೊಳ್ಳುತ್ತೀರಿ. ಮುದ್ರೆ ಇದ್ದದ್ದನ್ನೇ ಕೊಳ್ಳಿ, ಇಲ್ಲದ್ದಕ್ಕಿಂತ ಅದು ಮೇಲು. ಚೀಟಿಯಲ್ಲಿ ಮಿಕ್ಸ್ ಎಂದಿದೆಯೋ, ನೂರು ಶೇಕಡಾ ಎಂದಿದೆಯೋ ಓದಿ ನೋಡಿ. ಮಿಕ್ಸ್ ಎಂದರೆ ಅದರಲ್ಲಿ ಎಲ್ಲವೂ ಪ್ರಮಾಣಪತ್ರ ಪಡೆದ ಕಾಡಿನದಲ್ಲ. ಆದರೆ ಅಲ್ಲಿಗೇ ನಿಲ್ಲಿಸಬೇಡಿ. ಇದು ಯಾವ ಕಾಡಿನದು, ಆ ಕಾಡು ಯಾರದು, ಕಡಿದವನಿಗೆ ಏನು ಸಿಕ್ಕಿತು ಎಂದು ಅಂಗಡಿಯವನನ್ನು ಕೇಳಿ. ಅವನಿಗೆ ಗೊತ್ತಿರುವುದಿಲ್ಲ. ಹತ್ತು ಮಂದಿ ಕೇಳಿದರೆ ಅವನೂ ತನಗೆ ಮಾರಿದವನನ್ನು ಕೇಳಿಯಾನು.

ನಮ್ಮ ಹಳೇ ಮಂಚವನ್ನು ಮಾರಿಬಿಡೋಣ ಎಂದು ಮಗ ಮೊದಲು ಹೇಳುತ್ತಿದ್ದ. ಊರಿಂದ ಬಂದ ಮೇಲೆ ಆ ಮಾತು ಎತ್ತಿಲ್ಲ. ಮೊನ್ನೆ ಬಂದವನು ಅದರ ಕಾಲಿನ ಸಡಿಲಾದ ಬೋಲ್ಟನ್ನು ತಾನೇ ಬಿಗಿ ಮಾಡಿ ಹೋದ.